ನೀರು ಇಳಿಯಿತು, ಭಯ ಇಳಿಯಿತೇ?

2019ರ ಆಗಸ್ಟ್‌ನ ಕೃಷ್ಣಾ ಪ್ರವಾಹ ಮ್ಹೈಸಾಳದ ನಮಗೆಲ್ಲ ನೆನಪಿದೆ. ಅಂಥ ವಿಪತ್ತು ಮುಗಿದರೂ ಮನಸ್ಸಿನಲ್ಲಿ ಉಳಿಯುವ ನೋವನ್ನು ಅಧ್ಯಯನ ಮಾಡಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಆರ್. ಶ್ರೀನಿವಾಸಮೂರ್ತಿ.

1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಬದುಕುಳಿದವರಲ್ಲಿ ಅನೇಕರು ಉಸಿರಾಟದ ತೊಂದರೆಯ ಜೊತೆಗೆ ಆತಂಕ, ದುಃಖಗಳಿಂದಲೂ ನರಳುತ್ತಿದ್ದರು. ಅಷ್ಟು ಜನರನ್ನು ನೋಡಲು ಮನೋವೈದ್ಯರಿರಲಿಲ್ಲ. ಆದ್ದರಿಂದ 1985ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಅಲ್ಲಿನ ಸಾಮಾನ್ಯ ವೈದ್ಯರಿಗೇ ಮನಸ್ಸಿನ ಆರೈಕೆಯ ತರಬೇತಿ ಕೊಟ್ಟರು. ಮುಂದೆ ಮಾನಸಿಕ ಆರೋಗ್ಯ ಕುರಿತ 2001ರ ವಿಶ್ವ ಆರೋಗ್ಯ ವರದಿಗೆ ಅವರೇ ಪ್ರಧಾನ ಸಂಪಾದಕರಾದರು.

ಹಾಗಾಗಿ ನೆರೆ ಕಂಡವರು ಯಾರಾದರೂ “ಎದೆ ಡವಡವ ಅಂತದ, ನಿದ್ದೆ ಬರಂಗಿಲ್ಲ” ಎಂದರೆ ನಾವು ನಕ್ಕು ಸುಮ್ಮನಾಗುವುದು ಬೇಡ. ಕೂತು ಕೇಳೋಣ, ವೈದ್ಯರ ಬಳಿಗೆ ಕರೆದೊಯ್ಯೋಣ.