ಜೀನ್ಸ್ ಷರಾಯಿಯ ಅಳತೆ: ಒಂದು ಚಾರಿತ್ರಿಕ ವಿವೇಚನೆ

ಉಡುಪಿನ ಚರಿತ್ರೆಯನ್ನು ಬರೆಯುವವರು ಬಟ್ಟೆ, ಬಣ್ಣ, ಬೆಡಗುಗಳ ಕಡೆಗೆ ಕೊಡುವಷ್ಟು ಗಮನವನ್ನು ಅಳತೆಯ ಕಡೆಗೆ ಕೊಡುವುದು ವಿರಳ. ಆದರೆ ಉಡುಪು ಮೊದಲು ಮೈಗೆ ಒಪ್ಪಬೇಕು. ಮಿಕ್ಕುದೆಲ್ಲ ಅನಂತರದ ಮಾತು. ಇಂದು ಜೀನ್ಸ್ ಷರಾಯಿಯನ್ನು ಕೊಳ್ಳುವವನು 32 ಎಂದೋ 34 ಎಂದೋ ಅಚ್ಚಾದ ಚೀಟಿಯನ್ನು ನಂಬಿ ಆರಿಸುತ್ತಾನೆ. ತೊಟ್ಟಾಗ ಒಪ್ಪದಿದ್ದರೆ ದೋಷವು ತನ್ನ ಮೈಯದೆಂದೇ ಭಾವಿಸುತ್ತಾನೆ. ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವಾದುದು? ಆ ಅಂಕಿ ಎಲ್ಲಿಂದ ಬಂದಿತು, ಅದರ ಪ್ರಾಮಾಣ್ಯವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜೀನ್ಸಿನ ಮೂಲವನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ ಅರಸಬೇಕು. ನೆವಾಡ ಸಂಸ್ಥಾನದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. 1870ರ ಸುಮಾರಿನಲ್ಲಿ ಒಬ್ಬ ಹೆಂಗಸು ಸ್ಥೂಲಕಾಯನಾದ ತನ್ನ ಗಂಡನಿಗೆ ಬಾಳಿಕೆ ಬರುವ ಷರಾಯಿಯೊಂದನ್ನು ಹೊಲಿದುಕೊಡಬೇಕೆಂದು ಕೇಳಿದಳೆಂದೂ, ಆತನು ಅಂಗಡಿಗೆ ಬರಲಾರದ ಸ್ಥಿತಿಯಲ್ಲಿದ್ದುದರಿಂದ ಗಂಟು ಹಾಕಿದ ದಾರದಲ್ಲಿ ಅಳತೆಯನ್ನು ತಂದಳೆಂದೂ ಪ್ರತೀತಿಯುಂಟು. ಜೇಬಿನ ಮೂಲೆಗಳು ಹರಿಯದಂತೆ ಡೇವಿಸ್ ತಾಮ್ರದ ರಿವೆಟ್ಟುಗಳನ್ನು ಬಡಿದನು. ತರುವಾಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಟ್ಟೆಯ ವರ್ತಕ ಲೀವೈ ಸ್ಟ್ರಾಸ್‌ನೊಡನೆ ಕೂಡಿ 1873ನೆಯ ಮೇ 20ರಂದು ಈ ವಿಧಾನಕ್ಕೆ 139121ನೆಯ ಸಂಖ್ಯೆಯ ಪೇಟೆಂಟನ್ನು ಪಡೆದನು. ದಾರದ ಕಥೆಯ ವಿವರಗಳು ಹೇಗೇ ಇರಲಿ, ಅದು ಆ ಕಾಲದ ಪದ್ಧತಿಯನ್ನು ಸ್ಪಷ್ಟಪಡಿಸುತ್ತದೆ: ದರ್ಜಿಯ ಅಂಗಡಿಯಲ್ಲಿ ಅಳತೆಯು ದೇಹದಿಂದ ಬಟ್ಟೆಗೆ ಬರುತ್ತಿದ್ದಿತು.

ಕಾರ್ಖಾನೆಯಲ್ಲಿ ಈ ಕ್ರಮವು ತಲೆಕೆಳಗಾಯಿತು. ಕಂಡರಿಯದ ಗಿರಾಕಿಗಾಗಿ ಮುಂಚೆಯೇ ಬಟ್ಟೆಯನ್ನು ಕತ್ತರಿಸಬೇಕಾದರೆ ಜನರ ದೇಹಗಳನ್ನು ಕೆಲವು ವರ್ಗಗಳಾಗಿ ವಿಂಗಡಿಸುವುದು ಅನಿವಾರ್ಯ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಸಮವಸ್ತ್ರಗಳನ್ನು ರಾಶಿರಾಶಿಯಾಗಿ ಹೊಲಿಯಿಸಬೇಕಾದಾಗ ಕೆಲವು ಅಳತೆಗಳು ಒಟ್ಟೊಟ್ಟಿಗೆ ಮರಳಿ ಮರಳಿ ಬರುತ್ತವೆಂಬುದು ಕಂಡುಬಂದಿತು. ಗಂಡಸರ ಸಿದ್ಧ ಉಡುಪಿನ ವ್ಯಾಪಾರಕ್ಕೆ ಇದೇ ತಳಹದಿಯಾಯಿತು. ಆದರೆ ವರ್ಗವು ದೇಹವಲ್ಲ. ಎರಡು ವರ್ಗಗಳ ನಡುವೆ ನಿಲ್ಲುವವನು ಯಾವಾಗಲೂ ಇದ್ದೇ ಇರುತ್ತಾನೆ.

ಹಳೆಯ ಜೀನ್ಸ್ ಈ ಕೊರತೆಯನ್ನು ಸರಿದೂಗಿಸಿಕೊಳ್ಳುವ ಉಪಾಯವನ್ನು ತನ್ನಲ್ಲಿಯೇ ಇರಿಸಿಕೊಂಡಿದ್ದಿತು. ಅದು ದುಡಿಮೆಯ ಉಡುಪು. ಮೈಗೆ ಅಂಟಿಕೊಂಡಿರಬೇಕೆಂಬ ನಿರೀಕ್ಷೆಯಿರಲಿಲ್ಲ. ನಡುವಿನ ಹಿಂಭಾಗದಲ್ಲಿ ಕೊಂಡಿಯುಳ್ಳ ಬಿಗಿಪಟ್ಟಿಯೂ, ಹೆಗಲಪಟ್ಟಿಗಳನ್ನು ಸಿಕ್ಕಿಸಲು ಗುಂಡಿಗಳೂ ಇದ್ದುದರಿಂದ ಒಂದೇ ಷರಾಯಿಯನ್ನು ಹಲವರು ತಮಗೆ ತಕ್ಕಂತೆ ಬಿಗಿಮಾಡಿಕೊಳ್ಳಬಹುದಾಗಿತ್ತು. 1922ರಲ್ಲಿ ಸೊಂಟಪಟ್ಟಿಗೆಂದು ಕುಣಿಕೆಗಳು ಬಂದವು. ಎರಡನೆಯ ಮಹಾಯುದ್ಧದ ಕಾಲದ ಮಿತವ್ಯಯದಲ್ಲಿ ಹಿಂಭಾಗದ ಬಿಗಿಪಟ್ಟಿ ಕಣ್ಮರೆಯಾಯಿತು. ಹೀಗೆ ಹೊಂದಿಸಿಕೊಳ್ಳುವ ಸಾಧನವು ಮರೆಯಾದಂತೆ ಹೊಣೆಯೆಲ್ಲವೂ ಚೀಟಿಯ ಅಂಕಿಯ ಮೇಲೆ ಬಿದ್ದಿತು.

ಬಟ್ಟೆಯ ಗುಣವೂ ಇಲ್ಲಿ ವಿಚಾರಾರ್ಹವಾದುದು. ಸಂಸ್ಕರಿಸದ ಡೆನಿಮ್ ಬಟ್ಟೆಯು ಒಗೆದಾಗ ನೂರಕ್ಕೆ ಹತ್ತರವರೆಗೂ ಕುಗ್ಗಬಲ್ಲುದು. ಆದಕಾರಣ ಅಂತಹ ಷರಾಯಿಯನ್ನು ಕೊಳ್ಳುವವರು ಅಳತೆಗಿಂತ ದೊಡ್ಡದನ್ನೇ ಆರಿಸಬೇಕಾಗಿದ್ದಿತು. 1930ರ ವೇಳೆಗೆ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತನು ಬಟ್ಟೆಯನ್ನು ಹೊಲಿಯುವುದಕ್ಕೆ ಮುಂಚೆಯೇ ಯಂತ್ರದಲ್ಲಿ ಕುಗ್ಗಿಸುವ ವಿಧಾನವನ್ನು ರೂಪಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ಕಡಮೆಯಾಯಿತು. 1958ರಲ್ಲಿ ಜೋಸೆಫ್ ಷಿವರ್ಸ್ ಕಂಡುಹಿಡಿದ ಹಿಗ್ಗುವ ನೂಲು ಮುಂದೆ ಡೆನಿಮಿನಲ್ಲಿ ಸೇರಿದಾಗ ವಿರುದ್ಧವಾದ ತೊಡಕು ಹುಟ್ಟಿತು: ಅಂಗಡಿಯಲ್ಲಿ ಬಿಗಿಯಾಗಿದ್ದುದು ಉಡುತ್ತ ಉಡುತ್ತ ಸಡಿಲವಾಗತೊಡಗಿತು. ಅಂಕಿ ಒಂದೇ ಆದರೂ ಬಟ್ಟೆ ಒಂದೇ ಅಲ್ಲ.

ಹೆಂಗಸರ ವಿಷಯದಲ್ಲಿ ಸ್ಥಿತಿಯು ಇನ್ನೂ ಜಟಿಲವಾದುದು. 1934ರಲ್ಲಿ ಅವರಿಗೆಂದೇ ಜೀನ್ಸ್ ಮಾರಾಟಕ್ಕೆ ಬಂದಿತು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪರವಾಗಿ ರೂತ್ ಓಬ್ರಿಯನ್ ಮತ್ತು ವಿಲಿಯಂ ಷೆಲ್ಟನ್ ಇವರ ಮುಂದಾಳುತನದಲ್ಲಿ ಸುಮಾರು 15,000 ಸ್ತ್ರೀಯರ ದೇಹದ 59 ಅಳತೆಗಳನ್ನು ತೆಗೆಯಲಾಯಿತು. ಈ ಮಹಾಕಾರ್ಯದ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೆ ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಡಲಾಯಿತೆಂಬುದನ್ನು ಮರೆಯುವಂತಿಲ್ಲ. ಇದನ್ನು ಆಧರಿಸಿ 1958ರಲ್ಲಿ ಪ್ರಕಟವಾದ ಮಾನಕವು 8ರಿಂದ 38ರವರೆಗಿನ ಅಂಕಿಗಳನ್ನೂ, ಎತ್ತರಕ್ಕೆ ಅಕ್ಷರಗಳನ್ನೂ, ನಿತಂಬದ ಸುತ್ತಳತೆಗೆ ಅಧಿಕ-ನ್ಯೂನ ಚಿಹ್ನೆಗಳನ್ನೂ ಗೊತ್ತುಪಡಿಸಿತು. 1983ರಲ್ಲಿ ಸರ್ಕಾರವು ಆ ವ್ಯವಸ್ಥೆಯನ್ನೇ ಹಿಂತೆಗೆದುಕೊಂಡಿತು. ಯಾರನ್ನು ಅಳೆಯಲಿಲ್ಲವೋ, ಅಳೆದರೂ ಎಣಿಸಲಿಲ್ಲವೋ, ಅಂಥವರಿಗೆ ಉಡುಪು ಒಪ್ಪದಿದ್ದರೆ ಅದರಲ್ಲಿ ಅವರ ಅಪರಾಧವೇನು?

ಗಂಡಸರ ಅಂಕಿಯಾದರೋ ಅಂಗುಲಗಳನ್ನೇ ಹೇಳುತ್ತದೆಂಬ ನಂಬಿಕೆಯುಂಟು. 2010ರಲ್ಲಿ ಎಸ್ಕ್ವೈರ್ ಪತ್ರಿಕೆಯು ಹಲವು ತಯಾರಕರ 36 ಅಂಗುಲದ ಷರಾಯಿಗಳನ್ನು ಅಳೆಯಿಸಿದಾಗ ಅವು 37ರಿಂದ 41 ಅಂಗುಲದವರೆಗೆ ಇದ್ದುವು. ಗಿರಾಕಿಯ ಮನಸ್ಸನ್ನು ಸಂತೋಷಪಡಿಸಲು ಅಂಕಿಯನ್ನು ತಗ್ಗಿಸಿ ಬರೆಯುವ ಈ ರೂಢಿಯಿಂದ ಅಳತೆಯ ಮಾತು ಮುಖಸ್ತುತಿಯ ಮಾತಾಗಿ ಮಾರ್ಪಟ್ಟಿತು.

ಭಾರತಕ್ಕೆ ಈ ಷರಾಯಿಯು ಪರದೇಶದ ಅಂಕಿಗಳನ್ನು ಹೊತ್ತುಕೊಂಡೇ ಬಂದಿತು. ಇಲ್ಲಿ ದರ್ಜಿಯ ಪದ್ಧತಿಯು ಇನ್ನೂ ಜೀವಂತವಾಗಿದ್ದಿತು. 1995ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್ ಸಂಸ್ಥೆಯು ಡೆನಿಮ್ ಬಟ್ಟೆ, ಜಿಪ್ಪು, ರಿವೆಟ್ಟು, ಬಿಲ್ಲೆ ಇವನ್ನೆಲ್ಲ ಒಂದೇ ಪೊಟ್ಟಣದಲ್ಲಿಟ್ಟು 'ರಫ್ ಅಂಡ್ ಟಫ್' ಎಂಬ ಹೆಸರಿನಿಂದ ಮಾರಿತು. ಕೊಂಡವನು ತನ್ನ ಊರಿನ ದರ್ಜಿಯಲ್ಲಿ ಹೊಲಿಸಿಕೊಳ್ಳಬೇಕು. ಬೆಲೆ ಕಡಮೆಯಾದುದಷ್ಟೇ ಅಲ್ಲ, ಅಳತೆಯು ಮರಳಿ ದೇಹದಿಂದ ಬಟ್ಟೆಗೆ ಬಂದಿತು. ಕರ್ನಾಟಕದಲ್ಲಿ ಬಳ್ಳಾರಿಯು ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಭಾರತೀಯರ ದೇಹವನ್ನೇ ಅಳೆದು ಅಂಕಿಗಳನ್ನು ಗೊತ್ತುಮಾಡುವ ಉದ್ದೇಶದಿಂದ 25,000 ಜನರ ಸಮೀಕ್ಷೆಯೊಂದನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಮೂಲಕ ನಡೆಸುವ ಯೋಜನೆಯು 2018ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಆದ ತಪ್ಪು ಇಲ್ಲಿ ಮರುಕಳಿಸದಿರಬೇಕಾದರೆ ನಗರದವರಷ್ಟೇ ಅಲ್ಲದೆ ಹಳ್ಳಿಯ ರೈತನೂ, ಕೂಲಿಯ ಹೆಂಗಸೂ ಅಂತಹ ಎಣಿಕೆಯಲ್ಲಿ ಸೇರಬೇಕು.

ಮೇಲ್ಕಂಡ ವಿವೇಚನೆಯಿಂದ ಕೊಳ್ಳುವವನಿಗೂ ಪ್ರಯೋಜನವುಂಟು. ಚೀಟಿಯ ಅಂಕಿಯು ಸೂಚನೆ ಮಾತ್ರ, ಪ್ರಮಾಣವಲ್ಲ. ತನಗೆ ಚೆನ್ನಾಗಿ ಒಪ್ಪುವ ಹಳೆಯ ಷರಾಯಿಯೊಂದನ್ನು ಹಾಸಿ, ನಡು, ನಿತಂಬ, ತೊಡೆ, ಒಳಗಾಲಿನ ಉದ್ದ, ಕವಲಿನಿಂದ ನಡುಪಟ್ಟಿಯವರೆಗಿನ ಎತ್ತರ ಇವನ್ನು ಟೇಪಿನಿಂದ ಅಳೆದು ಹೊಸದರೊಡನೆ ಹೋಲಿಸುವುದು ಯುಕ್ತ. ಅದರಲ್ಲಿಯೂ ನಿತಂಬಕ್ಕೆ ಒಪ್ಪುವುದನ್ನು ಮೊದಲು ಆರಿಸಬೇಕು. ಏಕೆಂದರೆ ನಡುವನ್ನು ಹಿಡಿಯುವುದೂ ಉದ್ದವನ್ನು ಮಡಿಸುವುದೂ ದರ್ಜಿಗೆ ಸುಲಭ, ಇಲ್ಲದ ಬಟ್ಟೆಯನ್ನು ಸೇರಿಸುವುದು ಕಷ್ಟ. ವಿದ್ವಾಂಸರಿಗೂ ಇಲ್ಲಿ ಕೆಲಸವುಂಟು. ದರ್ಜಿಗಳ ಅಳತೆಪುಸ್ತಕಗಳೂ, ಹೊಲಿಗೆಯ ಘಟಕಗಳಲ್ಲಿ ಕತ್ತರಿಸಲು ಬಳಸುವ ರಟ್ಟಿನ ನಮೂನೆಗಳೂ ಶಾಸನಗಳಂತೆಯೇ ಚರಿತ್ರೆಗೆ ಆಕರಗಳು. ಅವು ರದ್ದಿಗೆ ಹೋಗುವ ಮುನ್ನ ಸಂಗ್ರಹಿಸಬೇಕಾದುದು ಅವಶ್ಯಕ.