ಗುಂಡಿಗಿಂತ ಮೊದಲಿದ್ದ ಕೈ

ಸೊರಬದಲ್ಲಿ ನನ್ನ ಸೋದರಮಾವನದೊಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿಯಿದೆ. ಸೆಲ್ಫ್ ಮೋಟಾರು, ಡೈನಮೋ, ಹಾರ್ನು, ವೈರಿಂಗು ಎಂದು ಗಾಡಿಯೊಳಗೆ ಕರೆಂಟು ಹರಿಯುವ ಯಾವ ಜಾಗ ಕೆಟ್ಟರೂ ಸುತ್ತಲಿನ ಹಳ್ಳಿಗಳವರು ಅಲ್ಲಿಗೇ ಬರುತ್ತಾರೆ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮಹಾಪ್ರಬಂಧದ ಮೂರನೇ ಅಧ್ಯಾಯ ಎಲ್ಲಿಗೂ ಹೋಗದೆ ನಿಂತುಬಿಟ್ಟಿತ್ತು. ಶಿಕಾರಿಪುರದ ಮನೆಯಲ್ಲಿ ಕುಳಿತು ಕುಳಿತು ಬೇಸರವಾದಾಗಲೆಲ್ಲ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಮಾವನ ಅಂಗಡಿಗೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ ಅಂಗಡಿಯ ಮುಂದೆ ಆ ಊರಲ್ಲಿ ಯಾರೂ ಕಂಡಿರದಂಥ ಒಂದು ಕಾರು ನಿಂತಿತ್ತು.

ಮೊಣಕಾಲೆತ್ತರದ ಕಾರು. ಮೇಲೆ ಮಾಡಿಲ್ಲ, ಬಾಗಿಲಿಲ್ಲ, ಇಬ್ಬರಿಗಷ್ಟೇ ಜಾಗ. ಮುಂದಿನ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿದ್ದವು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಸ್ಪೋರ್ಟ್ಸ್ ಕಾರಿನ ರೂಪ ಅದು. ಆ ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. ಅದೇ ಕಾರಣಕ್ಕೋ ಏನೋ, ಅದರ ಹೋಲಿಕೆಯ ಕಾರುಗಳನ್ನು ಜಗತ್ತಿನ ಎಷ್ಟೋ ಕಡೆ ಇಂದಿಗೂ ಕಟ್ಟುತ್ತಾರೆ. ನಮ್ಮ ಮುಂದೆ ನಿಂತದ್ದೂ ಅಂಥದ್ದೇ. ಒಳಗಿದ್ದದ್ದು ಮಾರುತಿ ಜಿಪ್ಸಿಯ ಎಂಜಿನ್. ಕಾರಿನ ಒಡೆಯ ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಹತ್ತಿರದ ಹಳ್ಳಿಯ ಅಡಿಕೆ ತೋಟದ ಮನೆಯ ಹುಡುಗ. ಅವನ ಬೇಡಿಕೆ ಒಂದೇ: ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವುದು ಬೇಡ, ಗುಂಡಿ ಒತ್ತಿದರೆ ಆಗಬೇಕು. "ಹಳೇ ಕಾಲದ ಸ್ಪೋರ್ಟ್ಸ್ ಕಾರಲ್ಲಿ ಹಾಗೇ ಇತ್ತಲ್ವಾ ಅಣ್ಣಾ?" ಎಂದು ಅವನು ಕೇಳಿದ.

ಅವನು ಹೇಳಿದ್ದು ಸುಳ್ಳಲ್ಲ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ 120 ಕಾರಿನಲ್ಲಿ ಸ್ಟಾರ್ಟರಿಗೆ ಪ್ರತ್ಯೇಕ ಗುಂಡಿ ಇತ್ತು. ಕೀಲಿಯನ್ನೇ ಇನ್ನಷ್ಟು ತಿರುಗಿಸಿ ಎಂಜಿನ್ ಎಬ್ಬಿಸುವ ಪದ್ಧತಿಯನ್ನು ಅಮೆರಿಕದ ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ. ಆಗ ಅದೇ ಹೊಸತು, ಗುಂಡಿಯೇ ಹಳತು. ಐವತ್ತು ವರ್ಷ ಕೀಲಿ ಆಳಿತು. 1998ರಲ್ಲಿ ಮರ್ಸಿಡಿಸ್ ತನ್ನ ಎಸ್-ಕ್ಲಾಸ್ ಕಾರಿಗೆ ಕೀಲಿ ಜೇಬಿನಲ್ಲಿದ್ದರೆ ಸಾಕೆನ್ನುವ ವ್ಯವಸ್ಥೆ ತಂದಿತು. 1999ರಲ್ಲಿ ಹೋಂಡಾ ಎಸ್2000 ಸ್ಪೋರ್ಟ್ಸ್ ಕಾರಿನಲ್ಲಿ ಕೆಂಪು ಗುಂಡಿ ಮರಳಿ ಬಂತು. ಈಗ ಸಾಧಾರಣ ಮನೆಯ ಕಾರಿನಲ್ಲೂ ಗುಂಡಿಯಿದೆ; ನಾವು ಅದನ್ನು ಹೊಸ ಕಾಲದ ಗುರುತೆಂದುಕೊಂಡಿದ್ದೇವೆ. ಚರಿತ್ರೆ ಓದುವವರಿಗೆ ಇಂಥ ಸುತ್ತು ಹೊಸದಲ್ಲ. ಆದರೆ ಗುಂಡಿಗಿಂತ ಮೊದಲು ಏನಿತ್ತು ಎಂದು ಆ ಹುಡುಗ ಕೇಳಲಿಲ್ಲ. ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇತ್ತು.

ಗುಂಡಿಗಿಂತ ಮೊದಲು ಇದ್ದದ್ದು ಕೈ.

ನನ್ನ ತಾಯಿಯ ತಂದೆ, ಅಂದರೆ ಈ ಮಾವನ ಅಪ್ಪ, ಹರೆಯದಲ್ಲಿ ಶಿಕಾರಿಪುರದಿಂದ ಸೊರಬದ ಕಡೆಗೆ ಓಡುತ್ತಿದ್ದ ಖಾಸಗಿ ಬಸ್ಸೊಂದರ ಕ್ಲೀನರ್ ಆಗಿದ್ದರು. ಬೆಳಗಿನ ಜಾವ ಬಸ್ಸಿಗೆ ಹ್ಯಾಂಡಲ್ ಹೊಡೆಯುವುದು ಅವರ ಮೊದಲ ಕೆಲಸ. ಬಾಗಿಸಿದ ಕಬ್ಬಿಣದ ಸರಳನ್ನು ಬಸ್ಸಿನ ಮೂತಿಯ ತೂತಿನೊಳಗೆ ತೂರಿಸಿ, ಎಂಜಿನ್ನಿನ ದಂಡಕ್ಕೆ ಸಿಕ್ಕಿಸಿ, ಮೈಬಲವನ್ನೆಲ್ಲ ಹಾಕಿ ತಿರುಗಿಸಬೇಕು. ಮಲೆನಾಡಿನ ಮಾಗಿಯಲ್ಲಿ ಎಣ್ಣೆ ಗಟ್ಟಿಯಾಗಿ ಎಂಜಿನ್ ಅಲುಗಾಡುವುದೇ ಇಲ್ಲ. ಅಲುಗಾಡಿದರೂ ಅಪಾಯ ತಪ್ಪಿದ್ದಲ್ಲ. ಪಿಸ್ಟನ್ ಮೇಲಕ್ಕೆ ಪೂರ್ತಿ ಬರುವ ಮೊದಲೇ ಕಿಡಿ ಹೊತ್ತಿಕೊಂಡರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಒದೆತ ನೇರವಾಗಿ ಹ್ಯಾಂಡಲಿಗೆ, ಹ್ಯಾಂಡಲಿನಿಂದ ಮಣಿಕಟ್ಟಿಗೆ. ಅಜ್ಜನ ಬಲಗೈ ಮಣಿಕಟ್ಟು ಹಾಗೆಯೇ ಮುರಿದದ್ದು. ಹಳ್ಳಿಯ ನಾಟಿ ವೈದ್ಯರು ಬಿದಿರು ಕಟ್ಟಿ ಕೂಡಿಸಿದರಂತೆ. ಕೂಡಿತು, ಆದರೆ ವಾರೆಯಾಗಿ. ಅವರು ಊಟಕ್ಕೆ ಕುಳಿತಾಗ ತುತ್ತು ಬಾಯಿಗೆ ಹೋಗುತ್ತಿದ್ದ ರೀತಿಯೇ ಬೇರೆ. ಚಿಕ್ಕಂದಿನಲ್ಲಿ ನಾವು ಮೊಮ್ಮಕ್ಕಳು ಅದನ್ನು ಅನುಕರಿಸಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಎಂಜಿನ್ನಿನ ಈ ಒದೆತದಿಂದಲೇ ಸೆಲ್ಫ್ ಸ್ಟಾರ್ಟರು ಹುಟ್ಟಿತೆಂದು ಮೋಟಾರು ಚರಿತ್ರೆಯ ಪುಸ್ತಕಗಳು ಒಂದು ಕಥೆ ಹೇಳುತ್ತವೆ. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್‌ನ ಗೆಳೆಯ ಬೈರನ್ ಕಾರ್ಟರ್ ಎಂಬ ಕಾರು ತಯಾರಕ ಯಾರದೋ ಕಾರಿಗೆ ಹ್ಯಾಂಡಲ್ ಹಾಕಲು ಹೋಗಿ ಪೆಟ್ಟು ತಿಂದು, ಕೊನೆಗೆ ಸತ್ತನಂತೆ. ಅದರಿಂದ ನೊಂದ ಲೆಲ್ಯಾಂಡ್ ಹ್ಯಾಂಡಲ್ ಬೇಡದ ಕಾರು ಮಾಡಲು ಹೊರಟನಂತೆ. ಕಥೆ ಎಷ್ಟು ನಿಜವೋ, ಆ ಕೆಲಸ ಮಾಡಿಕೊಟ್ಟವನು ಚಾರ್ಲ್ಸ್ ಕೆಟರಿಂಗ್ ಎಂಬುದಂತೂ ನಿಜ. ಅವನು ಮೊದಲು ದುಡಿದದ್ದು ನಗದು ಯಂತ್ರ ತಯಾರಿಸುವ ಕಂಪನಿಯಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆ ತೆರೆಯಲು ಸಣ್ಣ ವಿದ್ಯುತ್ ಮೋಟಾರು ಸಾಕೆಂದು ಅವನಿಗೆ ಅಲ್ಲಿ ಗೊತ್ತಾಗಿತ್ತು. ಮೋಟಾರು ಇಡೀ ದಿನ ದುಡಿಯಬೇಕಿಲ್ಲ, ಕ್ಷಣಕಾಲ ಮೈಮುರಿದು ದುಡಿದರೆ ಸಾಕು. ಎಂಜಿನ್ ಎಬ್ಬಿಸುವುದಕ್ಕೂ ಅದೇ ಲೆಕ್ಕ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅವನ ಯಂತ್ರ ಬಂತು. ಎಂಜಿನ್ ಎಬ್ಬಿಸುವಾಗ ಅದು ಮೋಟಾರು. ಎಂಜಿನ್ ಎದ್ದ ಮೇಲೆ ಅದೇ ಬ್ಯಾಟರಿ ತುಂಬುವ ಜನರೇಟರು.

ಆ ಕಾಲದ ಜಾಹೀರಾತುಗಳಲ್ಲಿ ಸೆಲ್ಫ್ ಸ್ಟಾರ್ಟರಿನ ಪಕ್ಕ ಹೆಂಗಸರ ಚಿತ್ರ ಸಾಮಾನ್ಯ. ಹ್ಯಾಂಡಲ್ ಹೊಡೆಯಲಾಗದ ನಾಜೂಕು ಕೈಗಳಿಗಾಗಿ ಈ ಉಪಕಾರ ಎಂಬ ಧಾಟಿ. ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ತನ್ನ ಗಂಡನ ಪೆಟ್ರೋಲ್ ಕಾರು ಬಿಟ್ಟು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರು ಓಡಿಸುತ್ತಿದ್ದಳು. ಅದಕ್ಕೆ ಹ್ಯಾಂಡಲಿನ ಹಂಗಿರಲಿಲ್ಲ. ಫೋರ್ಡ್‌ನ ಮಾಡೆಲ್ ಟಿ ಕಾರಿಗೆ ವಿದ್ಯುತ್ ಸ್ಟಾರ್ಟರು ಸಿಕ್ಕಿದ್ದು 1919ರಲ್ಲಿ. ಇದನ್ನೆಲ್ಲ ಓದುವಾಗ ನನಗೆ ಒಂದು ಮಾತು ಹೊಳೆಯಿತು. ಜಾಹೀರಾತಿನಲ್ಲಿ ಶ್ರೀಮಂತ ಹೆಂಗಸಿದ್ದಾಳೆ, ಕಥೆಯಲ್ಲಿ ಕಾರು ತಯಾರಕನಿದ್ದಾನೆ. ದಿನಾ ಬೆಳಗ್ಗೆ ಬೇರೆಯವರ ಗಾಡಿಗೆ ಹ್ಯಾಂಡಲ್ ಹೊಡೆದವನು ಎರಡರಲ್ಲೂ ಇಲ್ಲ.

ನಮ್ಮ ಕಡೆಯ ಬಸ್ಸುಗಳ ಚರಿತ್ರೆಯಲ್ಲೂ ಹಾಗೇ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಇದ್ದಿಲಿನ ಅನಿಲದ ಬಸ್ಸುಗಳು ಓಡಿದವು. ಇದ್ದಿಲು ತುಂಬಿ, ಬೆಂಕಿ ಹೊತ್ತಿಸಿ, ತಿದಿಯಂಥ ಬೀಸಣಿಗೆಯನ್ನು ಕೈಯಿಂದ ತಿರುಗಿಸಿ ಅನಿಲ ಏಳಿಸಿದ ಮೇಲಷ್ಟೇ ಬಸ್ಸು ಹೊರಡಬೇಕು. ತಿರುಗಿಸುತ್ತಿದ್ದವನು ಕ್ಲೀನರ್. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತೆಂಬುದು ದಾಖಲೆಯಲ್ಲಿದೆ. ಬಸ್ಸುಗಳ ಲೆಕ್ಕ ಉಳಿಯಿತು. ಖಾಸಗಿ ಬಸ್ಸುಗಳ ಮೂತಿಯ ಮುಂದೆ ಬಾಗಿ ನಿಂತ ಹುಡುಗರ ಲೆಕ್ಕ ಇಟ್ಟವರಿಲ್ಲ. ರೈಲು ಕಾಣದ ಶಿಕಾರಿಪುರ, ಸೊರಬಗಳಿಗೆ ಕಾಗದ, ಔಷಧಿ, ಸಿನಿಮಾ ಪೆಟ್ಟಿಗೆ, ಬಸುರಿ ಬಾಣಂತಿಯರು ಎಲ್ಲರೂ ಬಂದದ್ದು ಆ ಬಸ್ಸುಗಳಲ್ಲೇ.

ಗುಂಡಿಯ ಕೆಲಸ ಎರಡು ದಿನ ನಡೆಯಿತು. ಕಾರಿನ ಡ್ಯಾಶ್‌ಬೋರ್ಡು ಬೀಟೆ ಮರದ್ದು. ಸೊರಬದ ಗುಡಿಗಾರರೊಬ್ಬರು ಮಾಡಿಕೊಟ್ಟದ್ದು. ಗಂಧದ ಕೆತ್ತನೆಗೆ ಹೆಸರಾದ ಆ ಮನೆತನಗಳ ಕೈ ಇಲ್ಲೂ ಕಾಣುತ್ತಿತ್ತು. ಅಂಚಿಗೆ ತೆಳುವಾಗಿ ಒಂದು ಬಳ್ಳಿ ಹರಿದಿತ್ತು. ಅದರಲ್ಲಿ ತೂತು ಕೊರೆಯಲು ಮಾವನಿಗೆ ಮನಸ್ಸಿಲ್ಲ. ಕೊನೆಗೆ ಗುಡಿಗಾರರನ್ನೇ ಕರೆಸಿದ. ಅವರು ಬಳ್ಳಿಯ ಒಂದು ಹೂವಿನ ನಡುವೆ ಗುಂಡಿ ಕೂರುವಂತೆ ತೂತು ತೆಗೆದುಕೊಟ್ಟರು.

ನಾನು ಗುಂಡಿಯ ಎರಡು ವೈರುಗಳನ್ನು ನೋಡಿ, "ಇಷ್ಟು ತೆಳ್ಳಗಿನ ವೈರಲ್ಲಿ ಎಂಜಿನ್ ಎದ್ದೇಳತ್ತಾ ಮಾವಾ?" ಎಂದೆ.

"ಗುಂಡಿ ಎಬ್ಬಿಸೋದಲ್ಲ ಕಣೇ. ಗುಂಡಿ ಹೇಳತ್ತೆ ಅಷ್ಟೇ, ಮಾಡೋರು ಬೇರೆ," ಎಂದ ಮಾವ.

ಅವನು ಬಿಡಿಸಿ ಹೇಳಿದ್ದು ಹೀಗೆ. ಎಂಜಿನ್ ತಿರುಗಿಸುವ ಮೋಟಾರು ಆ ಒಂದೆರಡು ಸೆಕೆಂಡು ನೂರು ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಅಷ್ಟು ಕರೆಂಟು ಡ್ಯಾಶ್‌ಬೋರ್ಡಿನ ಗುಂಡಿಯಲ್ಲಿ ಹಾದರೆ ಗುಂಡಿ ಸುಟ್ಟುಹೋಗುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಕಾಲಿನಿಂದ ತುಳಿಯುವ ಸ್ಟಾರ್ಟರ್ ಸ್ವಿಚ್ಚಿತ್ತು. ಮೋಟಾರಿನ ಪೂರ್ತಿ ಕರೆಂಟು ಅದರೊಳಗೇ ಹಾಯುತ್ತಿತ್ತು. ಅದಕ್ಕೇ ಅದು ಅಷ್ಟು ದಪ್ಪ. ಈಗ ನಡುವೆ ರಿಲೇ ಇದೆ. ರಿಲೇಯ ಕಾಲುಗಳ ಮೇಲೆ 85, 86, 30, 87 ಎಂದು ಬರೆದಿರುತ್ತದೆ. ಗುಂಡಿ ಒತ್ತಿದಾಗ 86 ಮತ್ತು 85ರ ನಡುವಿನ ಸುರುಳಿಯಲ್ಲಿ ಕಾಲು ಆಂಪಿಯರಿಗೂ ಕಡಿಮೆ ಕರೆಂಟು ಹರಿಯುತ್ತದೆ. ಸುರುಳಿ ಅಯಸ್ಕಾಂತವಾಗಿ 30 ಮತ್ತು 87ನ್ನು ಕೂಡಿಸುತ್ತದೆ. ಆ ದಾರಿಯಿಂದ ಬ್ಯಾಟರಿಯ ಕರೆಂಟು ಸ್ಟಾರ್ಟರಿನ ಸೊಲೆನಾಯ್ಡಿಗೆ ಹೋಗುತ್ತದೆ. ಸೊಲೆನಾಯ್ಡು ಹಲ್ಲಿನ ಚಕ್ರವನ್ನು ಮುಂದೆ ತಳ್ಳಿ, ಮೋಟಾರಿಗೆ ದಪ್ಪ ಕೇಬಲ್ಲಿನ ದಾರಿ ತೆರೆಯುತ್ತದೆ. ಕೀಲಿಯನ್ನು ಮಾವ ತೆಗೆಯಲಿಲ್ಲ. ಇಗ್ನಿಷನ್ನಿಗೂ ಸ್ಟಿಯರಿಂಗ್ ಲಾಕಿಗೂ ಅದು ಬೇಕೇ ಬೇಕು. ಕೀಲಿ ಆನ್ ಆಗಿದ್ದರೆ ಮಾತ್ರ ಗುಂಡಿಗೆ ಜೀವ. ಎರಡೂ ದಾರಿಗಳಿಗೆ ಒಂದೊಂದು ಫ್ಯೂಜು.

ಮೊದಲ ಸಲ ಒತ್ತಿದವನು ಕಾರಿನ ಹುಡುಗ. ಹುರುಪಿನಲ್ಲಿ ಹೊರಗೆ ನಿಂತೇ ಕೈಚಾಚಿ ಒತ್ತಿದ. ಕಾರು ಗೇರಿನಲ್ಲಿತ್ತು. ಒಮ್ಮೆಲೇ ಮುಂದಕ್ಕೆ ನೆಗೆದು, ಬಂಪರಿನ ಹತ್ತಿರ ಕೂತು ಸ್ಪ್ಯಾನರ್ ಒರೆಸುತ್ತಿದ್ದ ಅಂಗಡಿಯ ಕೆಲಸದ ಹುಡುಗನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಯಾರೂ ಮಾತಾಡಲಿಲ್ಲ. ಆ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ. ಅಜ್ಜ ಕ್ಲೀನರ್ ಆದದ್ದೂ ಅದೇ ಪ್ರಾಯದಲ್ಲಿ.

ಮಾವ ಅವತ್ತು ಗಾಡಿ ಕೊಡಲಿಲ್ಲ. "ಸ್ವಿಚ್ಚು ಸುಲಭ ಆದಷ್ಟೂ ತಡೆ ಇರ್ಬೇಕು," ಎಂದು ಇನ್ನೊಂದು ದಿನ ಕೂತ. ಕ್ಲಚ್ ಪೆಡಲಿನ ಕೆಳಗೆ ಸಣ್ಣ ಸ್ವಿಚ್ಚೊಂದನ್ನು ಕೂರಿಸಿ, ರಿಲೇಯ 85ನೇ ಕಾಲನ್ನು ಅದರ ಮೂಲಕ ಬಾಡಿಗೆ ಅರ್ಥ್ ಮಾಡಿದ. ಕ್ಲಚ್ ಪೂರ್ತಿ ತುಳಿಯದೆ ಗುಂಡಿ ಒತ್ತಿದರೆ ಏನೂ ಆಗದು. ಹ್ಯಾಂಡಲ್ ಹೊಡೆಯುವವನಿಗೆ ಗೇರು ಬಿದ್ದಿದೆಯೋ ಇಲ್ಲವೋ ನೋಡುವುದು ಜೀವದ ಪ್ರಶ್ನೆಯಾಗಿತ್ತು. ಅವನು ಗಾಡಿಯ ಎದುರಿಗೇ ನಿಂತಿರುತ್ತಿದ್ದ. ಗುಂಡಿ ಒತ್ತುವವನು ಎದುರಿಗೆ ನಿಲ್ಲುವುದಿಲ್ಲ. ಅದಕ್ಕೇ ಅವನು ಮರೆಯುತ್ತಾನೆ. ಅವನು ಮರೆತದ್ದನ್ನು ಹತ್ತು ಇಂಚು ವೈರು ನೆನಪಿಟ್ಟುಕೊಳ್ಳಬೇಕು.

ನನ್ನ ಸಂಶೋಧನೆ ಬಳ್ಳಿಗಾವೆ ಸೀಮೆಯ ಶಾಸನಗಳಲ್ಲಿ ಬರುವ ಕುಶಲಕರ್ಮಿಗಳ ಬಗ್ಗೆ. ಬಳ್ಳಿಗಾವೆ ನಮ್ಮ ಶಿಕಾರಿಪುರ ತಾಲ್ಲೂಕಿನ ಊರು. ಅಲ್ಲಿಂದ ಹೋದ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷಗಳ ಮೇಲೂ ನಾವು ಅವರನ್ನು ಹೆಸರು ಹಿಡಿದು ಕರೆಯಬಹುದು. ಅದನ್ನು ಹೆಮ್ಮೆಯಿಂದ ಎರಡು ಅಧ್ಯಾಯ ಬರೆದಿದ್ದೆ. ಮೂರನೆಯದು ಹೆಸರು ಬಿಡದವರ ಬಗ್ಗೆ: ಕಲ್ಲು ಒಡೆದವರು, ಬಂಡಿಗೆ ಹೇರಿದವರು, ಕೊರಡಿನ ಮೇಲೆ ಉರುಳಿಸಿ ಮೇಲೇರಿಸಿದವರು. ಆಧಾರವಿಲ್ಲದೆ ಅದು ನಿಂತುಹೋಗಿತ್ತು. ಶಾಸನ ಇಲ್ಲದವರ ಚರಿತ್ರೆ ಬರೆಯುವುದು ಹೇಗೆಂದು ಒದ್ದಾಡುತ್ತಿದ್ದವಳಿಗೆ, ಮನೆಯಲ್ಲೇ ಒಂದು ವಾರೆ ಮಣಿಕಟ್ಟು ಇದ್ದದ್ದು ಹೊಳೆದಿರಲಿಲ್ಲ. ಅಜ್ಜ ಹೋಗಿ ಆರು ವರ್ಷವಾಯಿತು. ನಾನು ಚರಿತ್ರೆ ವಿದ್ಯಾರ್ಥಿನಿಯಾದ ಮೇಲೂ ಅವರನ್ನು ಕೂರಿಸಿಕೊಂಡು ಒಂದು ಸಲವೂ ಕೇಳಲಿಲ್ಲ. ಬಸ್ಸಿನ ಒಡೆಯರು ದುಡ್ಡೇನಾದರೂ ಕೊಟ್ಟರೋ, ಕೈ ಕೂಡುವ ತನಕ ಮನೆ ಹೇಗೆ ನಡೆಯಿತೋ, ಯಾವುದೂ ನನಗೆ ತಿಳಿಯದು.

ಅವರು ಹೇಳಿಕೊಟ್ಟದ್ದು ಒಂದಿದೆ. ಆ ಹಳೆಯ ಹ್ಯಾಂಡಲ್ ಮಾವನ ಅಂಗಡಿಯಲ್ಲಿ ಷಟರಿಗೆ ಊರುಗೋಲಾಗಿ ಈಗಲೂ ಇದೆ. ಚಿಕ್ಕವಳಿದ್ದಾಗ ನಾನು ಅದನ್ನು ಮುಷ್ಟಿಯಲ್ಲಿ ಹಿಡಿದರೆ ಅಜ್ಜ ನನ್ನ ಹೆಬ್ಬೆರಳನ್ನು ಬಿಡಿಸಿ ಉಳಿದ ಬೆರಳುಗಳ ಪಕ್ಕಕ್ಕೇ ಇಡುತ್ತಿದ್ದರು. ಹೆಬ್ಬೆರಳು ಸುತ್ತಿಕೊಂಡಿದ್ದರೆ ಒದೆತ ಬಂದಾಗ ಕೈ ಬಿಡಿಸಿಕೊಳ್ಳಲಾಗದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಗೆ ಒತ್ತಬಾರದು. ಹ್ಯಾಂಡಲ್ ಇದ್ದ ದೇಶಗಳಲ್ಲೆಲ್ಲ ಚಾಲಕರು ಕಲಿತಿದ್ದ ಪಾಠ ಇದೇ. ಅಜ್ಜ ಅದನ್ನು ಓದಿ ಕಲಿತವರಲ್ಲ.

ಮೂರನೇ ದಿನ ಸಂಜೆ ಮಾವ ನನ್ನನ್ನು ಕಾರಿನಲ್ಲಿ ಕೂರಿಸಿದ. ಗೇರು ನೋಡಿದೆ, ಕ್ಲಚ್ ತುಳಿದೆ, ಕೀಲಿ ತಿರುಗಿಸಿದೆ, ಹೂವಿನ ನಡುವಿನ ಗುಂಡಿ ಒತ್ತಿದೆ. ಎಂಜಿನ್ ಎದ್ದಿತು. ಬೆರಳಿಗೆ ಏನೂ ತಿಳಿಯಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಶಿಕಾರಿಪುರ, ಶಿರಾಳಕೊಪ್ಪ, ಸೊರಬಗಳಲ್ಲಿ ಹಳೆಯ ಬಸ್ಸುಗಳ ಕ್ಲೀನರುಗಳನ್ನು ಹುಡುಕುತ್ತಾ ಅಲೆದೆ. ಈವರೆಗೆ ನಾಲ್ವರು ಸಿಕ್ಕಿದ್ದಾರೆ. ಇಬ್ಬರಿಗೆ ಎಂಬತ್ತು ದಾಟಿದೆ. ಇದು ನನ್ನ ಮಹಾಪ್ರಬಂಧಕ್ಕೆ ಸೇರದು. ಕಾಲವೂ ಬೇರೆ, ವಿಷಯವೂ ಬೇರೆ. ಆದರೂ ರೆಕಾರ್ಡರ್ ಆನ್ ಮಾಡಿ ಮೊದಲು ಹೆಸರು, ಊರು ಕೇಳುತ್ತೇನೆ. ಆಮೇಲೆ ಬಲಗೈ ತೋರಿಸಿ ಎನ್ನುತ್ತೇನೆ.