ಮೇಸ್ತ್ರಿಯಿಂದ ಪದವೀಧರರವರೆಗೆ: ಮೈಸೂರು ಸೀಮೆಯ ಕಾಮಗಾರಿ ನಿರ್ವಹಣೆ

ಕಟ್ಟಡ, ರಸ್ತೆ, ಅಣೆಕಟ್ಟು ಮೊದಲಾದ ಕಾಮಗಾರಿಗಳನ್ನು ಗೊತ್ತುಪಡಿಸಿದ ಅವಧಿ, ವೆಚ್ಚ ಹಾಗೂ ಗುಣಮಟ್ಟದಲ್ಲಿ ಮುಗಿಸುವ ವಿದ್ಯೆಯನ್ನು ಇಂದು ನಿರ್ಮಾಣ ನಿರ್ವಹಣೆ ಎಂಬ ಹೆಸರಿನಲ್ಲಿ ಕಾಲೇಜುಗಳು ಬೋಧಿಸುತ್ತಿವೆಯಾದರೂ, ಮೈಸೂರು ಸೀಮೆಯಲ್ಲಿ ಅದು ಪಠ್ಯವಾಗುವುದಕ್ಕೆ ಬಹಳ ಮೊದಲೇ ಮೇಸ್ತ್ರಿಗಳ ಅನುಭವದಲ್ಲಿಯೂ ಲೋಕೋಪಯೋಗಿ ಇಲಾಖೆಯ ದಫ್ತರಗಳಲ್ಲಿಯೂ ಬೇರೂರಿತ್ತು. ಆಳುಗಳನ್ನು ಹೊಂದಿಸುವುದು, ಗಾರೆಯ ಹದ ನೋಡುವುದು, ವಾರದ ಬಟವಾಡೆ ಮಾಡುವುದು ಇವೆಲ್ಲ ಮೇಸ್ತ್ರಿಯ ಹೊಣೆಯಾಗಿದ್ದವು. ಅದನ್ನು ಲೆಕ್ಕಕ್ಕೆ ಒಳಪಡಿಸಿದ್ದು ಇಲಾಖೆ.

ಆ ಲೆಕ್ಕದ ಮುಖ್ಯ ದಾಖಲೆ ಮೆಜರ್‌ಮೆಂಟ್ ಬುಕ್, ಅಂದರೆ ಅಳತೆ ಪುಸ್ತಕ. ಮುಗಿದ ಕೆಲಸದ ಸಂಖ್ಯೆ, ಉದ್ದ, ಅಗಲ, ಎತ್ತರ ಅಥವಾ ಆಳವನ್ನು ಸ್ಥಳದಲ್ಲಿಯೇ ಅಳೆದು, ಪ್ರತ್ಯೇಕ ಅಂಕಣಗಳಲ್ಲಿ ಬರೆದು, ಗುಣಿಸಿ ಬಂದ ಪರಿಮಾಣಕ್ಕೆ ಒಪ್ಪಿತ ದರವನ್ನು ಹಚ್ಚಿದ ಮೇಲೆಯೇ ಗುತ್ತಿಗೆದಾರನ ಬಿಲ್ಲು ಸಿದ್ಧವಾಗುತ್ತಿತ್ತು. ಮೇಲಧಿಕಾರಿ ಕೆಲವು ಅಳತೆಗಳನ್ನು ಮತ್ತೆ ತೆಗೆದು ತಾಳೆ ನೋಡುತ್ತಿದ್ದನು. ಇಲಾಖೆಯೇ ನೇರವಾಗಿ ಆಳು ಹಚ್ಚಿದಲ್ಲಿ ಹಾಜರಿಗೂ ಕೂಲಿಗೂ ಮಸ್ಟರ್ ರೋಲ್ ಆಧಾರವಾಗಿತ್ತು. ವೆಚ್ಚದ ಹತೋಟಿಯೆಂದು ಇಂದು ಕಲಿಸುವ ವಿಷಯದ ತಿರುಳು ಈ ಎರಡು ಪುಸ್ತಕಗಳಲ್ಲಿಯೇ ಇತ್ತೆನ್ನಬಹುದು.

ಈ ಪದ್ಧತಿಯ ದೊಡ್ಡ ಪರೀಕ್ಷೆ ನಡೆದದ್ದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಲ್ಲಿ. ಸಿಮೆಂಟಿಗೆ ಬದಲಾಗಿ ಸುಣ್ಣದೊಡನೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಿದ್ದರಿಂದ, ಸುಣ್ಣ, ಇಟ್ಟಿಗೆ, ಕಲ್ಲು ಮತ್ತು ಆಳುಗಳ ಪೂರೈಕೆಯನ್ನು ವರ್ಷಗಟ್ಟಲೆ ಹೊಂದಿಸಬೇಕಾಗಿತ್ತು. ನದಿಗೆ ಪ್ರವಾಹ ಬರುವ ಮುನ್ನ ಕಟ್ಟಡ ಎಷ್ಟು ಎತ್ತರ ಏಳಬೇಕೆಂಬ ಲೆಕ್ಕವೂ ಅಷ್ಟೇ ಮುಖ್ಯವಾಗಿತ್ತು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿಯೇ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದುದು ದೂರದೃಷ್ಟಿಯ ಕಾರ್ಯ. ಮುಂದೆ ವಿಧಾನಸೌಧದ ನಿರ್ಮಾಣದಲ್ಲಿ (1951–56) ಕಲ್ಲುಕುಟಿಗರೊಡನೆ ಕೈದಿಗಳೂ ದುಡಿದರು. ಅವರ ದುಡಿಮೆಗೆ ಕಟ್ಟಡದಷ್ಟು ಕೀರ್ತಿ ಸಲ್ಲಲಿಲ್ಲ.

ನಿರ್ವಹಣೆ ಸ್ವತಂತ್ರ ಶಾಸ್ತ್ರವಾದುದು ತಡವಾಗಿ. ಒಂದು ಕೆಲಸ ತಡವಾದರೆ ಇಡೀ ಕಾಮಗಾರಿಯೇ ತಡವಾಗುವಂಥ ಕೆಲಸಗಳ ಸರಣಿಯನ್ನು ಗುರುತಿಸುವ ಕ್ರಿಟಿಕಲ್ ಪಾತ್ ವಿಧಾನ ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಭಾರತದಲ್ಲಿ 1983ರಲ್ಲಿ ಈ ವಿಷಯಕ್ಕೆಂದೇ ನಿಕ್ಮಾರ್ ಸಂಸ್ಥೆ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ನಿರ್ಮಾಣ ತಂತ್ರಜ್ಞಾನ ಮತ್ತು ನಿರ್ವಹಣೆಯಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತ ಬಂದಿದೆ. ಇಂಥ ಪದವೀಧರರಿಗೆ ಯೋಜನಾ ಎಂಜಿನಿಯರ್, ಪರಿಮಾಣ ಲೆಕ್ಕಹಾಕುವ ಕ್ವಾಂಟಿಟಿ ಸರ್ವೇಯರ್, ಬಿಲ್ಲಿಂಗ್ ಎಂಜಿನಿಯರ್, ಕರಾರುಗಳನ್ನು ನೋಡಿಕೊಳ್ಳುವ ಅಧಿಕಾರಿ ಮೊದಲಾದ ಹುದ್ದೆಗಳು ಮೆಟ್ರೋ, ಹೆದ್ದಾರಿ ಮತ್ತು ವಸತಿ ಕಾಮಗಾರಿಗಳಲ್ಲಿ ತೆರೆದಿವೆ. ಆದರೆ ಕಂಪ್ಯೂಟರಿನಲ್ಲಿ ವೇಳಾಪಟ್ಟಿ ಹಾಕಬಲ್ಲವರೆಲ್ಲ ಸ್ಥಳದಲ್ಲಿ ಅದನ್ನು ನಡೆಸಬಲ್ಲವರಲ್ಲ. ಆದ್ದರಿಂದ ಈ ಪದವಿ ನೀಡುವ ಕಾಲೇಜುಗಳು ಅಳತೆ ಪುಸ್ತಕ ಬರೆಯುವುದನ್ನು ಸ್ಥಳದಲ್ಲಿಯೇ ಕಲಿಸಬೇಕು. ಕಟ್ಟಡ ಕಾರ್ಮಿಕರ ಸುರಕ್ಷತೆ ಮತ್ತು ಸೇವಾ ಷರತ್ತುಗಳಿಗಾಗಿ 1996ರಲ್ಲಿ ಬಂದ ಕಾಯಿದೆಯ ಚರಿತ್ರೆಯನ್ನೂ ಪಠ್ಯದ ನಡುಭಾಗಕ್ಕೆ ತರಬೇಕು.